ಏಪ್ರಿಲ್ ಪಂಪು, ಜೂನ್ ಪಂಪು

ಏಪ್ರಿಲ್‌ನಲ್ಲಿ ಕೈಕೊಟ್ಟ ಹೈಡ್ರಾಲಿಕ್ ಪಂಪಿಗೂ ಜೂನ್‌ನಲ್ಲಿ ಕೈಕೊಟ್ಟ ಪಂಪಿಗೂ ಅಂಗಡಿಯಲ್ಲಿ ದರ ಒಂದೇ. ನಮ್ಮ ಊರು ಕೊಯಿಲದಲ್ಲಿ ಮಾತ್ರ ಎರಡರ ಖರ್ಚು ಬೇರೆ ಬೇರೆ.

ನಾನೂ ನನ್ನ ಭಾವನೂ ಸೇರಿ 20 ಟನ್ನಿನ ಒಂದು ಸೆಕೆಂಡ್ ಹ್ಯಾಂಡ್ ಎಕ್ಸ್‌ಕವೇಟರ್ ಇಟ್ಟುಕೊಂಡಿದ್ದೇವೆ. ಅಡಿಕೆ ತೋಟಕ್ಕೆ ಗುಡ್ಡ ಕಡಿದು ತಟ್ಟು ಮಾಡುವುದು, ಮನೆ ಜಾಗ ಸಮ ಮಾಡುವುದು, ಕೆರೆಯ ಹೂಳು, ತೋಟದ ರಸ್ತೆ, ಇಂಥವೇ ಕೆಲಸ. ರಾಮಕುಂಜ, ಆಲಂಕಾರು, ಉಪ್ಪಿನಂಗಡಿ ಸುತ್ತಮುತ್ತ ಬಾಡಿಗೆ. ದೀಪಾವಳಿ ಕಳೆದು ಮಣ್ಣು ಒಣಗಿದ ಮೇಲೆ ಶುರುವಾದರೆ ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ದೈವಗಳ ಕೋಲ, ಯಕ್ಷಗಾನದ ಮೇಳಗಳ ಜತೆಗೆ ನಮ್ಮ ಮೆಷಿನೂ ಒಳಗೆ. ಬ್ಯಾಂಕಿನ ಕಂತಿಗೆ ಪತ್ತನಾಜೆ ಇಲ್ಲ, ಅದು ಹನ್ನೆರಡು ತಿಂಗಳೂ ಬರುತ್ತದೆ.

ನಮ್ಮ ಪಂಪು ಕೈಕೊಟ್ಟದ್ದು ಏಪ್ರಿಲ್‌ನಲ್ಲೇ. "ಬೆಳಿಗ್ಗೆ ಸರಿ ಉಂಟು ಅಣ್ಣ, ಮಧ್ಯಾಹ್ನ ಆಯಿಲ್ ಬಿಸಿಯಾದ ಮೇಲೆ ಲೋಡಿಗೆ ಎತ್ತುದೇ ಇಲ್ಲ" ಎಂದ ಆಪರೇಟರ್. ಇಷ್ಟು ಕೇಳಿದ ಕೂಡಲೇ ದುಡ್ಡು ಹೊಂದಿಸಲು ಹೊರಡಬಾರದು. ಡೀಸೆಲ್ ಫಿಲ್ಟರ್ ಕಟ್ಟಿದರೂ, ಟ್ಯಾಂಕಿನೊಳಗಿನ ಜಾಲರಿ ಕಟ್ಟಿದರೂ, ರಿಲೀಫ್ ವಾಲ್ವ್ ಸಡಿಲವಾದರೂ ಬೂಮ್ ಹೀಗೆಯೇ ಸೋಲುತ್ತದೆ. ಈ ಗಾತ್ರದ ಮೆಷಿನಿನಲ್ಲಿ ಸಾಮಾನ್ಯವಾಗಿ ಎರಡು ಪಿಸ್ಟನ್ ಪಂಪುಗಳು ಒಂದರ ಬೆನ್ನಿಗೊಂದು ಜೋಡಿಕೊಂಡಿರುತ್ತವೆ. ನೇರ ಓಡಿಸುವಾಗ ಒಂದೊಂದು ಪಂಪು ಒಂದೊಂದು ಬದಿಯ ಚೈನಿಗೆ. ಮೆಷಿನು ಒಂದು ಕಡೆಗೆ ವಾಲಿ ಹೋಗುತ್ತಿದ್ದರೆ ತಿಳಿದ ಫಿಟ್ಟರ್ ಎರಡು ಪಂಪಿನ ಹೋಸ್‌ಗಳನ್ನು ಅದಲುಬದಲು ಮಾಡಿ ನೋಡುತ್ತಾನೆ. ದೋಷ ಆಚೆ ಬದಿಗೆ ದಾಟಿದರೆ ಪಂಪಿನದು. ಅಲ್ಲೇ ನಿಂತರೆ ವಾಲ್ವಿನದೋ ಟ್ರಾವೆಲ್ ಮೋಟಾರಿನದೋ. ಆಮೇಲೆ ಗೇಜು ಹಾಕಿ ಒತ್ತಡ ನೋಡಬೇಕು. ಪಂಪಿನ ಹೊಟ್ಟೆಯಿಂದ ಟ್ಯಾಂಕಿಗೆ ವಾಪಸು ಸೋರುವ ಎಣ್ಣೆಯನ್ನೂ ಅಳೆಯಬೇಕು. ಒಳಗೆ ಸವೆದಷ್ಟೂ ಆ ಸೋರಿಕೆ ಜಾಸ್ತಿ. ಫಿಟ್ಟರಿನ ಅರ್ಧ ದಿನದ ಕೂಲಿಗೆ ಲಕ್ಷದ ನಿರ್ಧಾರ ಗಟ್ಟಿಯಾಗುತ್ತದೆ. ನಮ್ಮದರಲ್ಲಿ ಪರೀಕ್ಷೆ ಮುಗಿದಾಗ ಪಂಪೇ ಹೋಗಿತ್ತು.

ಆಗ ಎದುರಿಗೆ ಎರಡು ದಾರಿ. ಇದೇ ಪಂಪನ್ನು ಬಿಚ್ಚಿ ಬೆಂಗಳೂರಿಗೆ ಕಳಿಸಿ ರಿಪೇರಿ ಮಾಡಿಸುವುದು ಒಂದು. ರಿಪೇರಿ ಮಾಡಿಟ್ಟ ಬೇರೆ ಪಂಪನ್ನು ಎಕ್ಸ್‌ಚೇಂಜ್‌ನಲ್ಲಿ ತರುವುದು ಇನ್ನೊಂದು. ಹೊಚ್ಚಹೊಸದು ನಮ್ಮ ವಯಸ್ಸಿನ ಮೆಷಿನಿಗೆ ಲೆಕ್ಕ ಕೂಡುವುದಿಲ್ಲ, ಅದನ್ನು ಬಿಡೋಣ. ಮಾದರಿಗೆ ದುಂಡು ಅಂಕಿ ಇಟ್ಟುಕೊಳ್ಳಿ: ರಿಪೇರಿ 1,20,000, ಕಾಯುವುದು 15 ದಿನ. ಎಕ್ಸ್‌ಚೇಂಜ್ 1,80,000, ಕಾಯುವುದು 3 ದಿನ. ಡೀಸೆಲ್, ಆಪರೇಟರ್ ಸಂಬಳ, ಭತ್ಯೆ ಕಳೆದು ಗಂಟೆಗೆ 600 ಉಳಿಯುತ್ತದೆ, ದಿನಕ್ಕೆ 8 ಗಂಟೆ ಓಡುತ್ತದೆ ಎಂದಾದರೆ ಒಂದು ದಿನ ನಿಂತದ್ದಕ್ಕೆ 4,800. ಹನ್ನೆರಡು ದಿನ ಹೆಚ್ಚು ಕಾದರೆ 57,600. ರಿಪೇರಿಯಲ್ಲಿ ಉಳಿಸಿದ 60,000 ಅಲ್ಲಿಗೆ ಹೆಚ್ಚುಕಮ್ಮಿ ಸರಿಹೋಯಿತು. ಇನ್ನು ತಟ್ಟು ಅರ್ಧಕ್ಕೆ ನಿಂತ ತೋಟದವರು ಮಳೆ ಹಿಡಿಯುವ ಮೊದಲು ಮುಗಿಯಬೇಕೆಂದು ಬೇರೆ ಮೆಷಿನು ತರಿಸಿದರೆ, ಮುಂದಿನ ವರ್ಷದ ಬಾಡಿಗೆಯೂ ಆ ಮೆಷಿನಿಗೇ. ಏಪ್ರಿಲ್‌ನಲ್ಲಿ ನಾವು ಎಕ್ಸ್‌ಚೇಂಜ್ ತಂದದ್ದು ಇದೇ ಲೆಕ್ಕದ ಮೇಲೆ.

ಜೂನ್ ಆಗಿದ್ದರೆ ಈ ಲೆಕ್ಕದಲ್ಲಿ 4,800 ಇದ್ದಲ್ಲಿ ಸೊನ್ನೆ. ಕುಮಾರಧಾರೆ ಕೆಂಪಾಗಿ ಹರಿಯುವಾಗ ಗುಡ್ಡ ಕಡಿಯಲು ಕರೆಯುವವರಿಲ್ಲ. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ಪಾರ್ಸೆಲ್ ನಾಲ್ಕು ದಿನ ತಡವಾದರೂ ನಷ್ಟವಿಲ್ಲ. ಆಗ 60,000 ಪೂರ್ತಿ ಉಳಿತಾಯ. ಅದಕ್ಕೇ ಈಗ ಸೋರಿಕೆ ಅಳೆಯುವ ಪರೀಕ್ಷೆಯನ್ನು ಪತ್ತನಾಜೆ ಕಳೆದ ವಾರವೇ ಮಾಡಿಸುತ್ತೇವೆ. ಸವೆತ ಮಿತಿಯ ಹತ್ತಿರ ಬಂದಿದ್ದರೆ, ಕೆಡುವ ಮೊದಲೇ ಬಿಚ್ಚಿ ಕಳಿಸಲು ಇಡೀ ಮಳೆಗಾಲ ಉಂಟು. ಭಾವನಿಗೆ ಮೊದಲು ಇದು ಹಿಡಿಸಿರಲಿಲ್ಲ, "ಓಡುವುದನ್ನು ಯಾಕೆ ಬಿಚ್ಚುದು ಮಾರಾಯ?" ಎಂದಿದ್ದರು. ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಸುಮ್ಮನಾದರು. ಒಪ್ಪಿದರೋ ಇಲ್ಲವೋ ನಾನು ಕೇಳಿಲ್ಲ.

ಪಂಪಿನ ಬಿಲ್ಲಿಗಿಂತ ಜನ ಹೆಚ್ಚು ಎಡವುವುದು ಅದರ ಸುತ್ತಲಿನ ಖರ್ಚಿನಲ್ಲಿ. ಈ ಪಂಪುಗಳು 340-350 ಬಾರ್ ಒತ್ತಡದಲ್ಲಿ ದುಡಿಯುತ್ತವೆ. ಒಳಗಿನ ಭಾಗಗಳ ನಡುವಿನ ಸಂದು ಕೂದಲೆಳೆಗಿಂತ ಸಣ್ಣದು. ಒಮ್ಮೆ ಒಳಗೆ ಲೋಹ ಪುಡಿಯಾಯಿತೆಂದರೆ ಅದು ಹಲಸಿನ ಮೇಣದ ಹಾಗೆ ಟ್ಯಾಂಕು, ಕೂಲರ್, ವಾಲ್ವ್, ಸಿಲಿಂಡರ್ ಎಲ್ಲ ಕಡೆ ಅಂಟಿಕೊಂಡಿರುತ್ತದೆ. ಪಂಪು ಮಾತ್ರ ಬದಲಿಸಿ ಹಳೆ ಎಣ್ಣೆಯಲ್ಲೇ ಓಡಿಸಿದರೆ ಅದೇ ಪುಡಿ ಹೊಸದಾಗಿ ಬಂದ ಪಂಪನ್ನೂ ಕೊರೆಯುತ್ತದೆ. ಟ್ಯಾಂಕು ಇಳಿಸಿ ತೊಳೆಯುವುದು, ಕೂಲರ್ ಮತ್ತು ಪೈಪು ಫ್ಲಶ್ ಮಾಡುವುದು, ಎಲ್ಲ ಫಿಲ್ಟರ್, ಹೊಸ ಹೈಡ್ರಾಲಿಕ್ ಎಣ್ಣೆ. ಇಷ್ಟನ್ನು ಪಂಪಿನ ಬೆಲೆಯ ಭಾಗವೆಂದೇ ಮೊದಲ ದಿನ ಬರೆದುಕೊಳ್ಳಬೇಕು. ಗ್ಯಾರಂಟಿ ಕೇಳಲು ಹೋದಾಗ ಮಾರಿದವರು ಮೊದಲು ನೋಡುವುದೂ ಎಣ್ಣೆಯ ಶುಚಿಯನ್ನೇ. ಎಂಜಿನ್ ಶುರು ಮಾಡುವ ಮೊದಲು ಪಂಪಿನ ಹೊಟ್ಟೆಗೆ ಎಣ್ಣೆ ತುಂಬಿಸಿದ್ದಾರಾ ಎಂದು ಧಣಿ ನಿಂತು ನೋಡಬೇಕು. ಒಣ ಪಂಪು ನಿಮಿಷಗಳಲ್ಲಿ ಸುಟ್ಟೀತು. ನಮ್ಮ ಮುರಕಲ್ಲಿಗೆ ಬ್ರೇಕರ್ ಕಟ್ಟಿ ಓಡಿಸುವವರು ಎಣ್ಣೆ, ಫಿಲ್ಟರನ್ನು ಪುಸ್ತಕದ ಗಂಟೆಗಿಂತ ಬಹಳ ಮೊದಲೇ ಬದಲಿಸಬೇಕು.

ವಿಮೆಯ ಮೇಲೆ ಭರವಸೆ ಬೇಡ. ಕಾಂಟ್ರಾಕ್ಟರ್ಸ್ ಪ್ಲಾಂಟ್ ಅಂಡ್ ಮೆಷಿನರಿ ಪಾಲಿಸಿ ಮೆಷಿನು ಮಗುಚಿದರೆ, ಗುಡ್ಡ ಜರಿದು ಬಿದ್ದರೆ ಕೊಡುತ್ತದೆ. ಒಳಗಿನ ಸವೆತಕ್ಕೆ, ಯಾಂತ್ರಿಕ ಕೆಡುಕಿಗೆ ಕೊಡುವುದಿಲ್ಲ. ಹಾಗಾಗಿ ವಿಮೆ ನಾವೇ ಕಟ್ಟಿಕೊಳ್ಳಬೇಕು: ಮೀಟರಿನ ಗಂಟೆಗೆ 40 ರೂಪಾಯಿ ತೆಗೆದಿಟ್ಟರೆ 5,000 ಗಂಟೆಗೆ 2 ಲಕ್ಷ. ನಾವು ಅದನ್ನು ಬ್ಯಾಂಕಿನ ಬೇರೆ ಖಾತೆಯಲ್ಲಿ ಇಡುತ್ತೇವೆ. ಊರಿನ ಸಹಕಾರಿ ಸಂಘದಲ್ಲಿ ಬಡ್ಡಿ ತುಸು ಜಾಸ್ತಿ ಸಿಕ್ಕೀತು, ಆದರೆ 5 ಲಕ್ಷದವರೆಗಿನ ಠೇವಣಿ ವಿಮೆ ಇರುವುದು ಬ್ಯಾಂಕುಗಳಿಗೆ, ಪ್ರಾಥಮಿಕ ಸಂಘಗಳಿಗಲ್ಲ. ಸಹಕಾರಿ ಚಳವಳಿ ಕಟ್ಟಿದ ಮೊಳಹಳ್ಳಿ ಶಿವರಾಯರ ಜಿಲ್ಲೆಯಲ್ಲಿ ಕುಳಿತು ಇದನ್ನು ಬರೆಯಲು ಸ್ವಲ್ಪ ಸಂಕೋಚ.

ಬಿಲ್ಲು ಬೇಡವೆಂದರೆ ಜಿಎಸ್‌ಟಿ ಉಳಿಯುತ್ತದೆ ಎನ್ನುವವರು ಸಿಕ್ಕೇ ಸಿಗುತ್ತಾರೆ. ನೋಂದಣಿ ಇದ್ದವರಿಗೆ ಕಟ್ಟಿದ ತೆರಿಗೆ ಬಾಡಿಗೆಯ ತೆರಿಗೆಯಲ್ಲಿ ವಜಾ ಆಗುತ್ತದೆ. ನೋಂದಣಿ ಇಲ್ಲದವರಿಗೂ ಬಿಲ್ಲಿಲ್ಲದ ಪಂಪಿಗೆ ಗ್ಯಾರಂಟಿ ಕೇಳಲು ಬಾಯಿ ಇರುವುದಿಲ್ಲ. ಎಕ್ಸ್‌ಚೇಂಜ್ ಮಾಡುವಾಗ ಇನ್ನೊಂದು ಕೆಲಸ ಉಂಟು: ಹಳೆ ಪಂಪು ಕೊಡುವ ಮೊದಲು ಅದರ ನಂಬರ್ ಪ್ಲೇಟಿನ ಫೋಟೋ ತೆಗೆದು, ಅದಕ್ಕೆ ಎಷ್ಟು ವಜಾ ಮಾಡಿದ್ದಾರೆಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬಿಚ್ಚಿ ನೋಡಿದ ಮೇಲೆ ಬ್ಲಾಕ್ ಒಡೆದಿದೆ, ಇನ್ನಿಷ್ಟು ಕೊಡಿ ಎಂಬ ಫೋನು ಸಾಮಾನ್ಯವಾಗಿ ವಾರ ಕಳೆದು ಬರುತ್ತದೆ.