ಮೂರು ಮೆಟ್ಟಿಲಿಗೆ ಒಂದು ಅರ್ಜಿ

ಮೊಣಕಾಲು ಸವೆದ ಅಜ್ಜಿ ಅಪಾರ್ಟ್‌ಮೆಂಟಿನ ಮುಂಬಾಗಿಲ ಮೂರು ಮೆಟ್ಟಿಲು ಇಳಿಯಲಾಗದೆ ಒಳಗೇ ಉಳಿದುಬಿಟ್ಟರೆ ‘ವಯಸ್ಸಾಯ್ತಲ್ಲ’ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಅಜ್ಜಿಯೂ ಸುಮ್ಮನಾಗುತ್ತಾರೆ. ಬಚ್ಚಲಿಗೊಂದು ಕಂಬಿ, ಬಾಗಿಲಿಗೊಂದು ರ‍್ಯಾಂಪ್ ಕೇಳಿದರೆ ಮಕ್ಕಳಿಗೂ ಮಾಲೀಕರಿಗೂ ತೊಂದರೆ ಕೊಟ್ಟಂತಾಗುತ್ತದೆ ಎಂಬ ಸಂಕೋಚ ಅವರಿಗೆ. ಕಾನೂನಿನ ಕಣ್ಣಿನಲ್ಲಿ ಅದು ತೊಂದರೆಯಲ್ಲ. ಆದರೆ ಬಾಯಿಮಾತಿನಲ್ಲಿ ಕೇಳಿದ್ದು ಎಲ್ಲೂ ನಿಲ್ಲುವುದಿಲ್ಲ. ಬರೆದು ಕೊಟ್ಟು ಸ್ವೀಕೃತಿ ಪಡೆಯಬೇಕು.

ಅದಕ್ಕೂ ಮೊದಲು ಮಾಡಬೇಕಾದ, ಬಹಳ ಮನೆಗಳಲ್ಲಿ ಮಾಡದೇ ಬಿಡುವ ಕೆಲಸ ಅಂಗವೈಕಲ್ಯ ಪ್ರಮಾಣಪತ್ರ. ವಯಸ್ಸಾಗಿದೆ ಎಂಬುದೊಂದೇ ಕಾರಣಕ್ಕೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ಅನ್ವಯಿಸುವುದಿಲ್ಲ. ಪಾರ್ಕಿನ್ಸನ್ ಕಾಯಿಲೆ ಅದರ 21 ವಿಧಗಳ ಪಟ್ಟಿಯಲ್ಲೇ ಇದೆ. ಪಾರ್ಶ್ವವಾಯುವಿನಿಂದಲೋ ಸೊಂಟದ ಮೂಳೆ ಮುರಿದೋ ಓಡಾಟ ಕಾಯಂ ಕುಂದಿದ್ದರೆ ಚಲನವೈಕಲ್ಯದಡಿ ಅರ್ಜಿ ಹಾಕಬಹುದು. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ನಡೆಯುತ್ತದೆ. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ 40ರಷ್ಟು ವೈಕಲ್ಯ ಇರಬೇಕು. ಹಳ್ಳಿಯವರು ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಅರ್ಜಿ ತುಂಬಲು ನೆರವಾಗುತ್ತಾರೆ.

ಇನ್ನು ಆ ಮೂರು ಮೆಟ್ಟಿಲು. ಹೊಸ ಕಟ್ಟಡವಾದರೆ ಕಾನೂನು ಗಟ್ಟಿಯಾಗಿದೆ. ಅಧಿನಿಯಮದ 44ನೇ ಕಲಮಿನ ಪ್ರಕಾರ, ಪ್ರವೇಶ ಸೌಲಭ್ಯದ ನಿಯಮಗಳನ್ನು ಪಾಲಿಸದ ನಕ್ಷೆಗೆ ಯಾವ ಸಂಸ್ಥೆಗೂ ಅನುಮತಿ ಕೊಡುವಂತಿಲ್ಲ, ಪಾಲಿಸದೆ ಕಟ್ಟಿದರೆ ಪೂರ್ಣತಾ ಪತ್ರವನ್ನೂ ಕೊಡುವಂತಿಲ್ಲ. ಈ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿದೆ. ಫ್ಲ್ಯಾಟ್ ಕೊಳ್ಳುವಾಗ ಮಂಜೂರಾದ ನಕ್ಷೆಯನ್ನು ಕೇಳಿ ಪಡೆಯಿರಿ. ಅದರಲ್ಲಿದ್ದ ರ‍್ಯಾಂಪನ್ನು ಬಿಲ್ಡರ್ ಕೈಬಿಟ್ಟಿದ್ದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ (ರೇರಾ) ದೂರು ಕೊಡಬಹುದು.

ಹಳೆಯ ಖಾಸಗಿ ಅಪಾರ್ಟ್‌ಮೆಂಟಿನ ಮಾತು ಬೇರೆ. ಐದು ವರ್ಷದೊಳಗೆ ಸರಿಪಡಿಸಬೇಕೆಂಬ ಗಡುವನ್ನು ಕಾನೂನು ಹಾಕಿದ್ದು ಸಾರ್ವಜನಿಕರು ಬಳಸುವ ಕಟ್ಟಡಗಳಿಗೆ. ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಸೊಸೈಟಿಯಾಗಿ ನೋಂದಣಿಯಾದ ನಿವಾಸಿಗಳ ಸಂಘವನ್ನು ಅಧಿನಿಯಮ ‘ಖಾಸಗಿ ಸಂಸ್ಥೆ’ಯ ವ್ಯಾಖ್ಯೆಯೊಳಗೇ ತರುತ್ತದೆ. ಸಂಘದ ಕಾರ್ಯದರ್ಶಿಗೆ ಪತ್ರ ಬರೆಯಿರಿ, ಪ್ರಮಾಣಪತ್ರದ ಪ್ರತಿ ಲಗತ್ತಿಸಿ, ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಲು ಕೇಳಿ. ಬೇಕಾದ ಅಳತೆಯನ್ನೂ ಅದರಲ್ಲೇ ಬರೆಯಿರಿ: ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಆರಾರು ಅಂಗುಲದ ಮೂರು ಮೆಟ್ಟಿಲಿಗೆ ಹದಿನೆಂಟು ಅಡಿಯಾಯಿತು. ಇದಕ್ಕಿಂತ ಕಡಿದಾಗಿ, ಮೆಟ್ಟಿಲ ಮೇಲೆ ಹಲಗೆ ಇಟ್ಟಂತೆ ಕಟ್ಟಿದ್ದು ಅಪಾಯಕಾರಿ. ಅಂಥದ್ದಕ್ಕೆ ದಯವಿಟ್ಟು ಒಪ್ಪಬೇಡಿ. ಉತ್ತರ ಬಾರದಿದ್ದರೆ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಿ. ಸಿವಿಲ್ ನ್ಯಾಯಾಲಯದಂತೆ ಸಮನ್ಸ್ ಕಳಿಸುವ, ದಾಖಲೆ ತರಿಸುವ ಅಧಿಕಾರ ಅವರಿಗಿದೆ. ಅವರು ಕೊಡುವುದು ಶಿಫಾರಸು, ಡಿಕ್ರಿಯಲ್ಲ. ಆದರೂ ಆಯುಕ್ತರ ಕಚೇರಿಯಿಂದ ನೋಟಿಸ್ ಬಂದ ಮೇಲೆ ಸಂಘದ ಸಭೆಯಲ್ಲಿ ಈ ವಿಷಯವನ್ನು ಮುಂದೂಡುವುದು ಕಷ್ಟ.

ಬಾಡಿಗೆ ಮನೆಯಲ್ಲಿ ಕಮೋಡಿನ ಪಕ್ಕ ಕಂಬಿ ಕೂರಿಸಲು, ಹೊಸ್ತಿಲು ತಗ್ಗಿಸಲು ಮಾಲೀಕರ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೇ ಕಲಮಿನಂತೆ ಬಾಡಿಗೆದಾರ ತಾನು ಕೂರಿಸಿದ್ದನ್ನು ಮನೆ ಬಿಡುವ ಮೊದಲು ತೆಗೆದುಕೊಂಡು ಹೋಗಬಹುದು, ಮನೆಯನ್ನು ಇದ್ದ ಸ್ಥಿತಿಯಲ್ಲಿ ಬಿಟ್ಟುಕೊಡಬೇಕು. ಈ ಮಾತನ್ನು ಕರಾರಿನಲ್ಲೇ ಸೇರಿಸಿದರೆ ಮಾಲೀಕರೂ ನಿರಾಳ.

ಸ್ವಂತ ಮನೆಯಲ್ಲಿದ್ದೂ ಅಸುರಕ್ಷಿತರಾಗಿರುವ ಹಿರಿಯರದೇ ದೊಡ್ಡ ಸಂಕಟ. ಮನೆ ಮಗನ ಹೆಸರಿಗಾಗಿದೆ, ತಾಯಿಯ ಮಂಚ ಮಹಡಿಗೆ ಹೋಗಿದೆ, ಶೌಚಾಲಯ ಕೆಳಗಿದೆ. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಅಧಿನಿಯಮ ‘ಪೋಷಣೆ’ ಎಂದರೆ ಅನ್ನ, ಬಟ್ಟೆಯ ಜತೆಗೆ ವಸತಿ, ಚಿಕಿತ್ಸೆಯೂ ಹೌದೆನ್ನುತ್ತದೆ. ಉಪವಿಭಾಗಾಧಿಕಾರಿಯವರ ಅಧ್ಯಕ್ಷತೆಯ ನ್ಯಾಯಮಂಡಳಿಗೆ ವಕೀಲರಿಲ್ಲದೆಯೇ ಅರ್ಜಿ ಕೊಡಬಹುದು. ತಾವೇ ಹೋಗಲಾಗದಿದ್ದರೆ ಬೇರೊಬ್ಬರಿಗೆ ಅಧಿಕಾರ ಕೊಟ್ಟು ಕಳಿಸಬಹುದು. ನೋಟಿಸ್ ಜಾರಿಯಾದ 90 ದಿನದೊಳಗೆ, ವಿಶೇಷ ಕಾರಣವಿದ್ದರೆ ಇನ್ನೂ 30 ದಿನದೊಳಗೆ ಇತ್ಯರ್ಥವಾಗಬೇಕು. ಆದೇಶ ಒಪ್ಪಿಗೆಯಾಗದಿದ್ದರೆ ಹಿರಿಯರು 60 ದಿನದೊಳಗೆ ಜಿಲ್ಲಾ ಮಟ್ಟದ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು.

ದಾನಪತ್ರಕ್ಕೆ ಸಹಿ ಹಾಕುವವರು ಇದೊಂದನ್ನು ಮರೆಯಬಾರದು. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ ಇದೇ 2007ರ ಅಧಿನಿಯಮದ 23ನೇ ಕಲಮಿನಡಿ ರದ್ದುಗೊಳಿಸಲು ಅವಕಾಶವಿದೆ. ಆದರೆ ಆ ಷರತ್ತು ಇತ್ತೆಂದು ತೋರಿಸಬೇಕು. 2022ರ ಸುದೇಶ್ ಛಿಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಆದ್ದರಿಂದ ‘ಪ್ರೀತಿ ವಿಶ್ವಾಸದಿಂದ’ ಎಂಬ ಮಾಮೂಲಿ ಒಕ್ಕಣೆಗೆ ನಿಲ್ಲದೆ, ಕೆಳಮಹಡಿಯ ಕೋಣೆ ಜೀವಮಾನವಿಡೀ ತಮಗೇ ಇರಬೇಕು, ಬಚ್ಚಲಿಗೆ ಕಂಬಿ ಹಾಕಿಸಿಕೊಡಬೇಕು, ಚಿಕಿತ್ಸೆಯ ಖರ್ಚು ಭರಿಸಬೇಕು ಎಂದು ಪತ್ರ ಬರಹಗಾರರಿಂದ ಬರೆಸಿ, ನೋಂದಣಿಗೆ ಮುನ್ನ ಓದಿಸಿ ಕೇಳಿ. ಮಗನ ಮೇಲೆ ನಂಬಿಕೆಯಿಲ್ಲ ಎಂದು ಅದರ ಅರ್ಥವಲ್ಲ.

ಎಲ್ಲಿಂದ ಶುರುಮಾಡಬೇಕೆಂದು ತಿಳಿಯದವರು ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ, ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಬಹುದು. ಅಂಗವಿಕಲರಿಗೂ ಮಹಿಳೆಯರಿಗೂ ಕಾನೂನು ಸೇವಾ ಪ್ರಾಧಿಕಾರ ಆದಾಯದ ಮಿತಿ ನೋಡದೆ ವಕೀಲರನ್ನು ಒದಗಿಸಬೇಕು.