ಕಸದ ಗಾಡಿ ಬಂತು, ಅದು ಓಡ್ತಾ ಇರೋಕೆ ದುಡ್ಡು ಎಲ್ಲಿಂದ?

ಹೊಸಪೇಟೆ ನಗರಸಭೆ, ಸಂಡೂರು ಮತ್ತು ಕಂಪ್ಲಿ ಪುರಸಭೆಗಳ ಗಡಿ ದಾಟಿದರೆ ಮನೆ ಕಸದ ಜವಾಬ್ದಾರಿ ಗ್ರಾಮ ಪಂಚಾಯಿತಿಯದು. ಗಾಡಿ ಬಾರದ ಊರಲ್ಲಿ ಕಸ ಎಲ್ಲಿಗೆ ಹೋಗುತ್ತೆ ಅಂತ ನಮಗೆಲ್ಲ ಗೊತ್ತು: ತಿಪ್ಪೆಗೆ, ಇಲ್ಲಾಂದ್ರೆ ಕಾಲುವೆಗೆ. ತಿಪ್ಪೆಯ ಪ್ಲಾಸ್ಟಿಕ್ ಗೊಬ್ಬರದ ಜೊತೆ ಹೊಲ ಸೇರುತ್ತೆ. ಕಾಲುವೆಯದು ತೂಬಿಗೆ ಸಿಕ್ಕಿಕೊಳ್ಳುತ್ತೆ. ದನ ತಿಂದರೆ ಹೊಟ್ಟೆಯಲ್ಲೇ ಉಳಿಯುತ್ತೆ. ಹಾಗಾಗಿ ಇದು ರೈತರ ವಿಷಯವೇ.

ಕೊಳ್ಳೋ ದುಡ್ಡು ಬೇರೆ, ಓಡಿಸೋ ದುಡ್ಡು ಬೇರೆ

ಸ್ವಚ್ಛ ಭಾರತ್ ಮಿಷನ್ (ಗ್ರಾಮೀಣ) ಎರಡನೇ ಹಂತ 2020ರಲ್ಲಿ ಶುರುವಾಯಿತು. ಘನತ್ಯಾಜ್ಯಕ್ಕೆ ಅದು ಇಟ್ಟ ಲೆಕ್ಕ ಹೀಗಿತ್ತು: 5,000 ಜನಸಂಖ್ಯೆವರೆಗಿನ ಊರಿಗೆ ತಲೆಗೆ 60 ರೂ.ವರೆಗೆ, ಅದಕ್ಕಿಂತ ದೊಡ್ಡ ಊರಿಗೆ 45 ರೂ.ವರೆಗೆ. ಇದರಲ್ಲಿ ಶೇ 30ರಷ್ಟನ್ನು ಪಂಚಾಯಿತಿ 15ನೇ ಹಣಕಾಸು ಆಯೋಗದ ಅನುದಾನದಿಂದ ಹಾಕಬೇಕಿತ್ತು. 2,000 ಜನರ ಊರಾದ್ರೆ ಒಟ್ಟು 1.20 ಲಕ್ಷ ರೂ., ಅದರಲ್ಲಿ ಪಂಚಾಯಿತಿ ಪಾಲು 36,000.

ಶೆಡ್, ಗಾಡಿ, ಬುಟ್ಟಿ ಇದರಲ್ಲಿ ಆಗುತ್ತೆ. ಆದ್ರೆ ಇದು ಒಂದು ಸಲದ ದುಡ್ಡು. ಡೀಸೆಲ್, ರಿಪೇರಿ, ಗಾಡಿಯವರ ಗೌರವಧನ ಪ್ರತಿ ತಿಂಗಳೂ ಬೇಕು. ಅದಕ್ಕೆ ದಾರಿ ಮಾಡದಿದ್ರೆ ಗಾಡಿ ಪಂಚಾಯಿತಿ ಮುಂದೆ ನಿಂತೇ ತುಕ್ಕು ಹಿಡಿಯುತ್ತೆ.

ತಿಂಗಳ ಖರ್ಚಿಗೆ ದಾರಿಗಳು

1. ಮನೆ ಶುಲ್ಕ. 400 ಮನೆಗಳ ಊರಲ್ಲಿ ಮನೆಗೆ 30 ರೂ. ಅಂತ ಇಟ್ಟುಕೊಳ್ಳಿ. ಎಲ್ಲರೂ ಕೊಟ್ರೆ 12,000, ಅರ್ಧ ಜನ ಕೊಟ್ರೆ 6,000. ವ್ಯತ್ಯಾಸ ಇಲ್ಲೇ ಇದೆ.
2. ಅಂಗಡಿ, ಹೋಟೆಲ್, ಹೋಂಸ್ಟೇ ಶುಲ್ಕ. ಹಂಪಿಯಂಥ ಪ್ರವಾಸಿ ಊರಲ್ಲಿ ಕಸ ಹೆಚ್ಚು ಹಾಕುವವರು ಹೆಚ್ಚು ಕೊಡೋದೇ ನ್ಯಾಯ.
3. ಒಣ ಕಸದ ಮಾರಾಟ. ರಟ್ಟು, ಬಾಟಲಿ, ಕಬ್ಬಿಣಕ್ಕೆ ಬೆಲೆ ಇದೆ, ಆದ್ರೆ ಒದ್ದೆಯಾಗಿರಬಾರದು. ಇದೊಂದರಿಂದಲೇ ಖರ್ಚು ತೂಗುತ್ತೆ ಅಂದುಕೊಳ್ಳಬೇಡಿ.
4. ಸಂಡೂರು ಭಾಗದಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ. ಗಣಿಬಾಧಿತ ಊರುಗಳಿಗೆ ಈ ನಿಧಿ ಬಳಸುವಾಗ ಆದ್ಯತೆಯ ಪಟ್ಟಿಯಲ್ಲಿ ನೈರ್ಮಲ್ಯವೂ ಇದೆ.

ಓಡಿಸೋರು ಯಾರು?

ಪಂಚಾಯಿತಿಯೇ ಓಡಿಸಬಹುದು. ಇಲ್ಲವೇ ಸಂಜೀವಿನಿ ಮಹಿಳಾ ಒಕ್ಕೂಟಕ್ಕೆ ಒಪ್ಪಂದದ ಮೇಲೆ ಕೊಡಬಹುದು. ಕರ್ನಾಟಕದ ಹಲವು ಕಡೆ ಸ್ವಸಹಾಯ ಸಂಘದ ಅಕ್ಕಂದಿರೇ ಡ್ರೈವಿಂಗ್ ಕಲಿತು ‘ಸ್ವಚ್ಛ ವಾಹಿನಿ’ ಓಡಿಸ್ತಿದ್ದಾರೆ. ಮನೆ ಮನೆ ಪರಿಚಯ ಇರೋದರಿಂದ ಶುಲ್ಕ ಕೇಳೋದೂ ಅವರಿಗೆ ಸುಲಭ. ಮೂರನೆಯದು, ಅಕ್ಕಪಕ್ಕದ ಪಂಚಾಯಿತಿಗಳು ಸೇರಿ ಮಾಡೋದು. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ ಹಲವು ಪಂಚಾಯಿತಿಗಳ ಒಣ ಕಸ ಒಂದೇ ಘಟಕಕ್ಕೆ ಬಂದು ವಿಂಗಡಣೆ ಆಗುತ್ತೆ. ಸಣ್ಣ ಊರುಗಳಿಗೆ ಇದು ಒಳ್ಳೇ ಮಾದರಿ.

ನಾವು ಮಾಡಬೇಕಾದ್ದು

- ಹಸಿ ಕಸ ಮನೆಯಿಂದ ಹೊರಗೆ ಹೋಗೋದೇ ಬೇಡ. ಹಿತ್ತಲಲ್ಲಿ ಎರಡು ಗುಂಡಿ ತೆಗೀರಿ. ಒಂದು ತುಂಬಿದ ಮೇಲೆ ಮುಚ್ಚಿ ಇನ್ನೊಂದು ಶುರು ಮಾಡಿ. ಪ್ರತಿ ಪದರಕ್ಕೂ ಒಣ ಬಾಳೆ ಎಲೆ ಅಥವಾ ಕಬ್ಬಿನ ರವದಿ, ಮೇಲೆ ತೆಳ್ಳಗೆ ಸಗಣಿ ನೀರು. ಮೂರ್ನಾಲ್ಕು ತಿಂಗಳಲ್ಲಿ ಗೊಬ್ಬರ.
- ಹಸಿ ಕಸ ಮನೆಯಲ್ಲೇ ಉಳಿದ್ರೆ ಗಾಡಿ ದಿನಾ ಬರಬೇಕಿಲ್ಲ. ವಾರಕ್ಕೆ ಎರಡು ಸಲ ಸಾಕು, ಡೀಸೆಲ್ ಖರ್ಚೂ ಇಳಿಯುತ್ತೆ.
- ಕೀಟನಾಶಕದ ಡಬ್ಬಿಯನ್ನು ಮನೆ ಕಸಕ್ಕೆ ಸೇರಿಸಬೇಡಿ. ವಿಂಗಡಿಸುವವರ ಕೈಗೆ ವಿಷ ತಾಗುತ್ತೆ.
- ಪ್ಲಾಸ್ಟಿಕ್ ಸುಡಬೇಡಿ.

ಗ್ರಾಮಸಭೆಗೆ ಮೊದಲು

ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ನಿಮ್ಮ ಪಂಚಾಯಿತಿಯ ಯೋಜನೆ, ಖರ್ಚು ಮೊಬೈಲ್‌ನಲ್ಲೇ ಸಿಗುತ್ತೆ. ನೈರ್ಮಲ್ಯಕ್ಕೆ ಎಷ್ಟು ಇಟ್ಟಿದ್ದಾರೆ ನೋಡ್ರಿ. ಆಮೇಲೆ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ: ಗಾಡಿಯ ತಿಂಗಳ ಖರ್ಚು ಎಷ್ಟು? ಶುಲ್ಕ ಎಷ್ಟು ಮನೆಯಿಂದ ಬರ್ತಿದೆ? ಕೊರತೆ ಯಾವ ನಿಧಿಯಿಂದ ತುಂಬ್ತೀರಿ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಕೇಳೋಕೆ ಹೋಗುವ ಮುಂಚೆ ನಿಮ್ಮ ಮನೆಯ ಶುಲ್ಕ ಕಟ್ಟಿರಿ, ಆಗ ನಿಮ್ಮ ಮಾತಿಗೂ ತೂಕ ಇರುತ್ತೆ.