ನೋವಿಲ್ಲದ ಉರಿಯೂತ

ಕೈಗೆ ಮುಳ್ಳು ಚುಚ್ಚಿದರೆ ಆ ಸ್ಥಳವು ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಬಾತುಕೊಳ್ಳುತ್ತದೆ, ನೋಯುತ್ತದೆ. ಉರಿಯೂತದ ಈ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸ್ ಕ್ರಿ.ಶ. 1ನೆಯ ಶತಮಾನದಲ್ಲಿಯೇ ಬರೆದಿಟ್ಟಿದ್ದನು. ಇದು ದೇಹದ ರಕ್ಷಣಾಕಾರ್ಯ. ಗಾಯ ಮಾಗಿದೊಡನೆ ಶಮನವಾಗುತ್ತದೆ. ಆದರೆ ಇವುಗಳಲ್ಲಿ ಒಂದನ್ನೂ ತೋರದೆ ವರ್ಷಗಟ್ಟಲೆ ಮಂದವಾಗಿ ನಡೆಯುವ ಉರಿಯೂತವೂ ಉಂಟು. ಅದರ ಸುಳಿವು ರಕ್ತಪರೀಕ್ಷೆಯಿಂದಲೇ ದೊರೆಯಬೇಕು.

1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ವಿಜ್ಞಾನಿಗಳು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಹೊಸದೊಂದು ವಸ್ತುವನ್ನು ಕಂಡರು. ಅದೇ ಸಿ-ರಿಯಾಕ್ಟಿವ್ ಪ್ರೋಟೀನು. ಇದನ್ನು ತಯಾರಿಸುವುದು ಯಕೃತ್ತು. ಅಮೆರಿಕದಲ್ಲಿ ಋತುಬಂಧವಾದ 28,263 ಆರೋಗ್ಯವಂತ ಸ್ತ್ರೀಯರನ್ನು ಕುರಿತು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಪ್ರೋಟೀನು ಅತಿ ಹೆಚ್ಚಾಗಿದ್ದವರಿಗೆ ಹೃದಯ ಮತ್ತು ರಕ್ತನಾಳಗಳ ಬೇನೆಯ ಅಪಾಯವು ಅತಿ ಕಡಿಮೆಯಿದ್ದವರಿಗಿಂತ ನಾಲ್ಕು ಪಟ್ಟಿಗೂ ಮಿಗಿಲಾಗಿತ್ತು. ಕೆಟ್ಟ ಕೊಲೆಸ್ಟರಾಲ್ ಹಿತಮಿತವಾಗಿದ್ದವರಲ್ಲಿಯೂ ಇದು ಕಂಡುಬಂದಿತೆಂಬುದೇ ಗಮನಾರ್ಹ.

ಸೋಂಕಿಲ್ಲದೆ ಯಕೃತ್ತಿಗೆ ಈ ಪ್ರಚೋದನೆ ಎಲ್ಲಿಂದ? ಮೇದಸ್ಸು ಕೇವಲ ಕೊಬ್ಬಿನ ಉಗ್ರಾಣವಲ್ಲ. ಅದರ ಜೀವಕೋಶಗಳು ಮಿತಿಮೀರಿ ಉಬ್ಬಿದಾಗ ಭಕ್ಷಕ ಕೋಶಗಳು ಅಲ್ಲಿ ಬಂದು ನೆಲಸುತ್ತವೆಂದು 2003ರಲ್ಲಿ ತಿಳಿದುಬಂದಿತು. ಅಲ್ಲಿಂದ ಹೊರಟ ಇಂಟರ್‌ಲ್ಯೂಕಿನ್-6 ಮೊದಲಾದ ದ್ರವ್ಯಗಳು ಯಕೃತ್ತನ್ನು ಮುಟ್ಟುತ್ತವೆ. ಸ್ತ್ರೀಯರಲ್ಲಿ ತಾರುಣ್ಯದ ಕೊಬ್ಬು ಬಹುಮಟ್ಟಿಗೆ ಸೊಂಟ, ತೊಡೆಗಳಲ್ಲಿ ಸೇರುತ್ತದೆ. ಋತುಬಂಧದ ತರುವಾಯ ಅದು ಹೊಟ್ಟೆಯೊಳಗೆ ಕೂಡತೊಡಗುತ್ತದೆ. ಕರುಳಿನ ಸುತ್ತಣ ಕೊಬ್ಬಿನ ರಕ್ತವು ನೇರವಾಗಿ ಯಕೃತ್ತಿಗೇ ಹರಿಯುವುದರಿಂದ ಈ ಬದಲಾವಣೆ ಅಲ್ಪವೇನೂ ಅಲ್ಲ.

ಇಲ್ಲಿ ಒಂದು ವಿಚಿತ್ರವಿದೆ. ದುಡಿಯುವ ಸ್ನಾಯುವೂ ಅದೇ ಇಂಟರ್‌ಲ್ಯೂಕಿನ್-6ನ್ನು ಸ್ರವಿಸುತ್ತದೆ. ಆದರೆ ಅದು ವ್ಯಾಯಾಮದ ವೇಳೆಗೆ ಏರಿ ಬೇಗನೆ ಇಳಿಯುತ್ತದೆ, ಮತ್ತು ಉರಿಯೂತವನ್ನು ಅಡಗಿಸುವ ದ್ರವ್ಯಗಳನ್ನು ಎಬ್ಬಿಸುತ್ತದೆ. ದಿನವೆಲ್ಲ ಕುಳಿತೇ ಇರುವವರ ಕಾಲಿನ ಸ್ನಾಯುಗಳಿಗೆ ಈ ಅವಕಾಶವೇ ಇಲ್ಲ. ಅವು ರಕ್ತದ ಸಕ್ಕರೆಯನ್ನೂ ಕಡಿಮೆ ಹೀರುತ್ತವೆ.

ಇನ್ನು ಆಹಾರ. 2002ರಲ್ಲಿ 244 ಸ್ತ್ರೀಯರನ್ನು ಪರೀಕ್ಷಿಸಿದಾಗ, ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಏರಿಸುವ ಆಹಾರವನ್ನು ಉಣ್ಣುವವರಲ್ಲಿ ಆ ಪ್ರೋಟೀನು ಅಧಿಕವಾಗಿತ್ತು. ಪಾಲಿಷ್ ಮಾಡಿದ ಅಕ್ಕಿ, ಮೈದಾ, ಸಕ್ಕರೆಗಳು ಈ ಗುಂಪಿಗೆ ಸೇರಿದವು. ಕಾಳು, ಸೊಪ್ಪುಗಳ ನಾರನ್ನಾದರೋ ಕರುಳಿನ ಬ್ಯಾಕ್ಟೀರಿಯಗಳು ಹುದುಗಿಸಿ ಉರಿಯೂತವನ್ನು ತಗ್ಗಿಸುವ ಆಮ್ಲಗಳನ್ನಾಗಿ ಮಾರ್ಪಡಿಸುತ್ತವೆ.

ಕುಳಿತಿರುವಿಕೆ, ಸ್ಥೂಲಕಾಯ ಇವುಗಳಲ್ಲಿ ಯಾವುದು ಹೆಚ್ಚು? 2006ರಲ್ಲಿ 27,158 ಸ್ತ್ರೀಯರ ಅಧ್ಯಯನವು ಸ್ಥೂಲಕಾಯದ ಸಂಬಂಧವೇ ಬಲವಾದುದೆಂದು ತೋರಿಸಿತು. ಆದರೂ ಒಂದೇ ಅಂಕಿಯನ್ನು ನೋಡಿ ಯಾರನ್ನೂ ಸೋಮಾರಿಯೆಂದು ಕರೆಯಲಾಗದು: ನೆಗಡಿಯೂ, ನುಂಗುವ ಈಸ್ಟ್ರೋಜನ್ ಮಾತ್ರೆಗಳೂ ಈ ಪ್ರೋಟೀನನ್ನು ಏರಿಸುತ್ತವೆ.